ನೀರು ಕುದಿಸಿ ಪಾಸಾದ ಒಲೆ

ದೇವಣಗಾಂವದ ಗುರವ್ವನಿಗೆ ಸಿಟ್ಟು ಬರುವುದು ಕಡಿಮೆ. ಆದರೆ ೨೦೦೫ರಲ್ಲಿ ಅವಳ ಮನೆಗೆ ಬಂದ ಒಂದು ಒಲೆ ಆ ಕೊರತೆಯನ್ನು ಬಡ್ಡಿ ಸಮೇತ ತುಂಬಿಕೊಟ್ಟಿತು.

ಗಂಡ ತೀರಿದ ಮೇಲೆ ಹದಿನಾಲ್ಕು ವರ್ಷ ಅವಳು ರೊಟ್ಟಿ ಬಡಿದೇ ಬದುಕಿದವಳು. ಪಕ್ಕದ ಮನೆಯ ಜೈತುನಬಿ ಹಿಟ್ಟು ನಾದಿ ಉಂಡೆ ಕಟ್ಟಿಕೊಟ್ಟರೆ ಇವಳು ಬಡಿದು ಬೇಯಿಸುತ್ತಿದ್ದಳು. ದಿನಾ ಇನ್ನೂರು ಖಡಕ್ ರೊಟ್ಟಿ ಸಿಂದಗಿಯ ಖಾನಾವಳಿಗಳಿಗೆ ಹೋಗುತ್ತಿದ್ದವು. ಹಂಚಿನ ಮೇಲೆ ಎರಡೂ ಮಗ್ಗಲು ಬೆಂದ ರೊಟ್ಟಿಯನ್ನು, ಒಲೆಯ ಬಾಯಿಗೆ ಕೆಂಡ ಎಳೆದು ಅದರ ಎದುರು ನಿಲ್ಲಿಸಬೇಕು. ಆಗಲೇ ಅದು ಒಣಗಿ ಖಡಕ್ ಆಗುವುದು, ತಿಂಗಳಿಟ್ಟರೂ ಕೆಡದಿರುವುದು. ಹಾಗೆ ಕೆಂಡ, ಹೊಗೆಗಳ ಮುಂದೆ ಮುಖವಿಟ್ಟು ಕೂತದ್ದಕ್ಕೇ ಅವಳ ಕಣ್ಣು ಕೆಟ್ಟವು. ಎಡಗಣ್ಣಿನ ಕಪ್ಪುಗುಡ್ಡೆಯ ಮೇಲೆ ಗಾಯವಾಗಿದೆ, ಹೊಗೆ ಬಿಡದಿದ್ದರೆ ಈ ಕಣ್ಣು ಉಳಿಯುವುದಿಲ್ಲ ಎಂದು ಡಾಕ್ಟರರು ಹೇಳಿದ್ದರು.

ಹೊಗೆ ಬಿಡುವುದೆಂದರೆ ರೊಟ್ಟಿ ಬಿಡುವುದು. ರೊಟ್ಟಿ ಬಿಟ್ಟರೆ ಉಣ್ಣುವುದೇನು?

ಅಷ್ಟರಲ್ಲಿ ಹಸಿರು ಒಲೆ ಯೋಜನೆ ಬಂತು. ಅರ್ಧ ಖರ್ಚು ಸರಕಾರದ್ದು, ಅರ್ಧ ಒಲೆ ಮಾಡುವ ಕಂಪನಿಯದ್ದು. ಕಟ್ಟಿಗೆ ಉಳಿಯುತ್ತದೆ, ಗಿಡಮರ ಉಳಿಯುತ್ತವೆ, ಹೆಂಗಸರ ಉದ್ಯೋಗ ಬೆಳೆಯುತ್ತದೆ ಎಂದು ಯೋಜನೆಯ ಅಧಿಕಾರಿ ಪಂಢರಿನಾಥರು ಊರ ಕಟ್ಟೆಯ ಮೇಲೆ ನಿಂತು ಹೇಳಿದರು. ಕಂಪನಿಯ ಎಂಜಿನಿಯರ್ ಸುಜಯ ಸಿಮೆಂಟಿನ ಒಲೆಯ ಮೇಲೆ ಪಾತ್ರೆ ಇಟ್ಟು, ಕೈಗಡಿಯಾರ ನೋಡುತ್ತ ನೀರು ಕುದಿಸಿ ತೋರಿಸಿದ. ಹೊಗೆಯೆಲ್ಲ ಪೈಪಿನಿಂದ ಮೇಲಕ್ಕೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಗುರವ್ವನೂ ತಟ್ಟಿದಳು, ಅದನ್ನು ನೆನೆದರೆ ಅವಳಿಗೆ ಈಗಲೂ ತನ್ನ ಕೈಗಳ ಮೇಲೇ ಸಿಟ್ಟು ಬರುತ್ತದೆ.

ಹೊಸ ಒಲೆ ಬೇಕಾದರೆ ಹಳೆಯದನ್ನು ಕೆಡವಬೇಕೆಂಬುದು ನಿಯಮ. ಕೆಡವಿದಳು, ಅದರ ಫೋಟೋ ತೆಗೆದುಕೊಂಡು ಹೋದರು. ಮರುದಿನ ರೊಟ್ಟಿಗೆ ಕೂತಾಗ ಗೊತ್ತಾಯಿತು, ಹೊಸ ಒಲೆಯ ಬಾಯಲ್ಲಿ ಎರಡು ತೊಗರಿ ಕಟ್ಟಿಗೆ ಹಿಡಿದರೆ ಹೆಚ್ಚು. ಹಂಚಿನ ನಡುವೆ ಮಾತ್ರ ಕಾವು, ಅಂಚು ತಣ್ಣಗೆ. ಕೆಂಡ ಎಳೆಯಲು ಜಾಗವೇ ಇಲ್ಲ. ರೊಟ್ಟಿಯ ಸೀಮೆಗೆ ಒಲೆ ತಂದವರು ನೀರು ಕುದಿಸಿ ನೋಡಿದ್ದರು!

ಸಿಂದಗಿಯ ಕಚೇರಿಗೆ ಹೋದಳು.

"ನೀರು ಎಂಟ ನಿಮಿಷದಾಗ ಕುದೀತಲ್ಲವಾ," ಎಂದರು ಪಂಢರಿನಾಥರು.

"ನಾ ನೀರು ಮಾರಿ ಬದಕಾಕಿ ಅಲ್ರಿ ಸಾಹೇಬ್ರ."

"ಒಲಿ ಮಾಡಿದವರು ಕಂಪನಿಯವರು. ಅವರನ್ನ ಕೇಳ್ರಿ."

ಕಂಪನಿಯ ಗೋದಾಮು ಇದ್ದದ್ದು ಮುದ್ದೇಬಿಹಾಳದಲ್ಲಿ. ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದರೆ ಸುಜಯ ಬಹಳ ಮರ್ಯಾದೆಯಿಂದ ಕುರ್ಚಿ ಹಾಕಿಸಿದ. "ಅಳತಿ ಸರಕಾರ ಕೊಟ್ಟದ್ದರಿ ಅವ್ವಾರ. ನಾವು ಒಂದ ಇಂಚೂ ಬದಲಿ ಮಾಡೂಹಂಗಿಲ್ಲ. ಅವರು ಬರೆದು ಕೊಟ್ರ ನಾಳೆನ ಮಾಡ್ತೇವಿ." ಸಿಂದಗಿಯಲ್ಲಿ ಕೇಳಿದರೆ, ಕಂಪನಿಯವರು ಬರೆದು ಕೇಳಿದರೆ ಕೊಡುತ್ತೇವೆ ಎಂದರು. ಹೀಗೆ ಇವರು ಅತ್ತ ತೋರಿಸಿ, ಅವರು ಇತ್ತ ತೋರಿಸಿ ನಾಲ್ಕು ತಿಂಗಳು ಕಳೆದರು. ಜಂಟಿ ಯೋಜನೆಯಲ್ಲಿ ಜಂಟಿಯಾಗಿ ನಡೆದದ್ದು ಗುರವ್ವನ ಅಲೆದಾಟ ಒಂದೇ.

ಆ ನಾಲ್ಕು ತಿಂಗಳು ರೊಟ್ಟಿ ನಿಲ್ಲಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಗಾಳಿಗೆ ಮುಖಕ್ಕೇ ನುಗ್ಗುವ ಹೊಗೆಯಲ್ಲಿ, ಮೊದಲಿಗಿಂತ ಎರಡು ಪಟ್ಟು ಕಟ್ಟಿಗೆ ಸುಟ್ಟು ಬೇಯಿಸಿದಳು. ಮನೆಯೊಳಗೆ ಹಸಿರು ಒಲೆ ತಣ್ಣಗೆ ಕೂತಿತ್ತು.

ಒಂದು ದಿನ ಡಾಕ್ಟರರ ಹತ್ತಿರ ಹೋಗಿ ಬಂದವಳು ಸೀದಾ ಹಾರೆ ಎತ್ತಿಕೊಂಡಳು. ಜೈತುನಬಿ ಗಾಬರಿಯಾದಳು. "ಸರಕಾರದ ಒಲಿ ಐತಿ ಗುರವಕ್ಕಾ! ಒಡದ್ರ ಕೇಸ್ ಹಾಕ್ತಾರ."

"ಹಾಕಲಿ. ಕೋರ್ಟಿನಾಗ ಕುಂತ ರೊಟ್ಟಿ ಬಡಿತೇನಿ."

ಒಲೆಯ ಬಾಯಿ ಒಡೆದು ಅಗಲ ಮಾಡಿದಳು. ಮುಂದೆ ಮಣ್ಣಿನ ಕಟ್ಟೆ ಕಟ್ಟಿ ಕೆಂಡಕ್ಕೆ ಜಾಗ ಮಾಡಿದಳು. ಪೈಪು ಮುಟ್ಟಲಿಲ್ಲ. ಮರುದಿನ ಒಳಗೇ ಇನ್ನೂರು ರೊಟ್ಟಿ ಎದ್ದವು, ಹೊಗೆ ಮೇಲಕ್ಕೆ ಹೋಯಿತು, ಕಟ್ಟಿಗೆ ಅರ್ಧ ಉಳಿಯಿತು. ಒಂದು ಹಾರೆ, ಒಂದು ಬುಟ್ಟಿ ಮಣ್ಣು, ಒಂದು ಮಧ್ಯಾಹ್ನದ ಕೆಲಸ.

ವಾರದೊಳಗೆ ತಪಾಸಣೆಗೆಂದು ಪಂಢರಿನಾಥರು, ಸುಜಯ ಇಬ್ಬರೂ ಒಂದೇ ಜೀಪಿನಲ್ಲಿ ಬಂದರು. ನಾಲ್ಕು ತಿಂಗಳಲ್ಲಿ ಅವರು ಜೊತೆಯಾಗಿ ಬಂದದ್ದು ಅದೇ ಮೊದಲು. ಪಂಢರಿನಾಥರು ಒಡೆದ ಬಾಯಿ ನೋಡಿ ಗುಡುಗಲು ಬಾಯಿ ತೆರೆದರು. ಅಷ್ಟರಲ್ಲಿ ಸುಜಯ ಟೇಪು ತೆಗೆದು ಮಂಡಿಯೂರಿ ಅಳತೆ ಹಿಡಿಯತೊಡಗಿದ್ದ. "ಸರ್, ಇದ ಸರಿ ಐತ್ರಿ. ನೀವು ಮಂಜೂರು ಮಾಡ್ರಿ, ಇನ್ನು ಎಲ್ಲಾ ಒಲಿ ಹಿಂಗ ಮಾಡೂಣು." ಪಂಢರಿನಾಥರು ಬಗ್ಗಿ ನೋಡಿದರು, ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು, ತಲೆಯಾಡಿಸಿದರು. ಇಬ್ಬರೂ ಅಲ್ಲೇ ಕೂತು ಕಾಗದ ಬರೆದು ಸಹಿ ಹಾಕಿದರು. ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಇಷ್ಟೇನಾ! ಇಷ್ಟಕ್ಕೆ ನಾಲ್ಕು ತಿಂಗಳಾ! ಗುರವ್ವ ಮುಂದಿನ ಉಂಡೆಯನ್ನು ಜೋರಾಗಿ ಬಡಿಯತೊಡಗಿದಳು.

ಪಂಢರಿನಾಥರು ಸಂತೋಷದಿಂದ ತಪಾಸಣೆಯ ಫಾರ್ಮು ತೆರೆದರು. "ಈಗ ಹೇಳವಾ ಗುರವ್ವ, ಒಲಿ ಹೆಂಗ ಐತಿ? ನೋಡಿ ಹೇಳು."

ಗುರವ್ವ ಹಿಟ್ಟಿನ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ಒಲೆಯ ಕಡೆ ತಿರುಗಿದಳು.

"ಎಡಗಣ್ಣಿಗೆ ಏನೂ ಕಾಣಂಗಿಲ್ರಿ ಸಾಹೇಬ್ರ," ಎಂದಳು. ಕೈ ತೆಗೆದಳು. "ಬಲಗಣ್ಣಿಗೆ ಚಂದ ಕಾಣತೈತಿ. ಯಾವುದನ್ನ ಬರಕೋತೀರಿ, ಬರಕೋರಿ."