ಉದಗೀರದ ಬಯಲಲ್ಲಿ ತಂಗಿಯ ಡ್ರಮ್ಸ್

ಬೆಳಿಗ್ಗೆ ಏಳಕ್ಕೆ ಯೆಣೆಗೂರ ಬಿಟ್ಟೆ. ಹೆಗಲಿಗೆ ಕ್ಯಾಮೆರಾ ಚೀಲ, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ. ನನ್ನ ತಂಗಿ ಮಾದೇವಿ ಉದಗೀರದಲ್ಲಿ ಕಾಲೇಜು ಓದುತ್ತಾಳೆ. ಅವಳೂ ಮೂವರು ಹುಡುಗರೂ ಸೇರಿ ಕಟ್ಟಿದ ರಾಕ್ ಬ್ಯಾಂಡು ಅಂದು ಸಂಜೆ ಬಯಲಿನಲ್ಲಿ ನುಡಿಸುವುದಿತ್ತು. ಡ್ರಮ್ಸ್ ಬಾರಿಸುವವಳು ಅವಳೇ.

"ಅಣ್ಣಾ, ಈ ಸಲ ಆದ್ರೂ ನನ್ನದೊಂದು ಫೋಟೋ ಬರಲಿ," ಎಂದು ಫೋನಿನಲ್ಲಿ ಹೇಳಿದ್ದಳು.

ಆ ಮಾತು ಉಮರ್ಗಾದವರೆಗೂ ಚುಚ್ಚುತ್ತಲೇ ಬಂತು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಮದುವೆ ಫೋಟೋ ತೆಗೆಯುವುದೊಂದೇ ಬಲ್ಲೆ. ಹೋದ ವರ್ಷ ನಿಲಂಗಾದಲ್ಲಿ ಅವರು ಮೊದಲ ಸಲ ನುಡಿಸಿದಾಗಲೂ ಹೋಗಿದ್ದೆ. ಆಗ ಮಾಮ ಅವಳಿಗೊಂದು ಸಂಬಂಧ ನೋಡುತ್ತಿದ್ದ. ಕೂದಲು ಬಿಟ್ಟುಕೊಂಡು ಡ್ರಮ್ಸ್ ಬಡಿಯುವ ಹುಡುಗಿಯನ್ನು ಕಂಡರೆ ಆ ಮನೆಯವರು ಏನೆಂದಾರೋ ಎಂದು ಹೆದರಿ, ಪ್ರಿಂಟು ಹಾಕುವಾಗ ಅವಳಿದ್ದ ಭಾಗವನ್ನೇ ಕತ್ತರಿಸಿದೆ. ವೇದಿಕೆಯ ಹಿಂಭಾಗದಲ್ಲಿ ಬೆಳಕು ಸಾಲಲಿಲ್ಲ ಎಂದು ಅವಳಿಗೆ ಸುಳ್ಳು ಹೇಳಿದೆ. ಸಂಬಂಧ ಬೇರೆ ಯಾವುದೋ ಕಾರಣಕ್ಕೆ ಮುರಿಯಿತು. ಸುಳ್ಳು ಹಾಗೇ ಉಳಿಯಿತು.

ಉಮರ್ಗಾದಲ್ಲಿ ಬಸ್ಸು ಬದಲಿಸಿದೆ. ಹೊರಗೆ ತಂಪು ಗಾಳಿ, ಕೊಯ್ದು ಒಟ್ಟಿದ ತೊಗರಿ. ಪಕ್ಕದಲ್ಲಿ ಅರ್ಧ ಟಿಕೆಟಿನ ಮುದುಕಿಯೊಬ್ಬಳು ನನ್ನ ಚೀಲ ನೋಡಿ, "ಎಲ್ಲಿ ಲಗ್ನ ಅದ, ತಮ್ಮಾ?" ಎಂದಳು.

"ಲಗ್ನ ಅಲ್ಲ ಆಯಿ. ನಮ್ಮ ತಂಗಿ ಬಾಜಾ ಬಾರಸ್ತಾಳ."

ಯಾರೆದುರೂ ಹಾಗೆ ಹೇಳಿದ್ದು ಅದೇ ಮೊದಲು.

"ನಾ ನಮ್ಮ ಮುದುಕಗ ದಿನಾ ಬಾರಸ್ತೀನಿ. ನಂದ್ಯಾರೂ ಫೋಟೋ ತಗ್ಯಾಂಗಿಲ್ಲ," ಎಂದಳು. ಕಂಡಕ್ಟರನೂ ನಕ್ಕ.

ನಿಲಂಗಾದಲ್ಲಿ ಇಳಿದು ತಳ್ಳುಗಾಡಿಯ ಹಳದಿ ಅನ್ನ ತಿಂದೆ. ಖಾರ ಬಲು ಜೋರು. ಅಲ್ಲಿಂದ ಮತ್ತೊಂದು ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಉದಗೀರ ಸೇರಿದೆ.

ಕಾರ್ಯಕ್ರಮ ಶುರುವಾದಾಗ ಇಳಿಬಿಸಿಲು ನೇರ ವೇದಿಕೆಯ ಮೇಲಿತ್ತು. ಮದುವೆಯಲ್ಲಿ ಜನ ನಿಲ್ಲುತ್ತಾರೆ. ಇಲ್ಲಿ ಒಬ್ಬನೂ ನಿಲ್ಲಲೊಲ್ಲ. ಹಾಡುವವನು ಕುಣಿದ, ಗಿಟಾರಿನವರಿಬ್ಬರು ಆ ಕಡೆಯಿಂದ ಈ ಕಡೆಗೆ ಓಡಿದರು. ನಾಲ್ಕು ಹಾಡು ಮುಗಿದರೂ ತಂಗಿ ಅವರ ಬೆನ್ನ ಹಿಂದೆಯೇ ಉಳಿದಳು. ಬಿಸಿಲು ಇಳಿಯುತ್ತಿತ್ತು. ಐದನೆಯ ಹಾಡಿನ ನಡುವೆ ತಡೆಯಲಾಗಲಿಲ್ಲ. ಮಂಟಪದ ಮುಂದೆ ಮಾಡುವಂತೆ ಕೈ ಎತ್ತಿ, "ಇಕಡೆ ಬಘಾ", ಇತ್ತ ನೋಡಿ, ಎಂದು ಮರಾಠಿಯಲ್ಲಿ ಕೂಗಿಬಿಟ್ಟೆ.

ಮೂವರೂ ಆಟ ನಿಲ್ಲಿಸಿ ಬದಿಗೆ ಸಾಲಾಗಿ ನಿಂತರು. ಕೈ ಇಳಿಬಿಟ್ಟು ಹಲ್ಲು ಕಿರಿದರು. ಗಿಟಾರು ಬಂದ್. ತಲೆ ತಗ್ಗಿಸಿದ್ದ ಮಾದೇವಿಗೆ ಏನೂ ಗೊತ್ತಾಗಲಿಲ್ಲ. ಅವಳ ಡ್ರಮ್ಸ್ ಒಂದೇ ಮೊಳಗುತ್ತಿತ್ತು. ಜನ ಮೊದಲು ನಕ್ಕರು, ಆಮೇಲೆ ಅವಳ ತಾಳಕ್ಕೆ ಚಪ್ಪಾಳೆ ಹಾಕತೊಡಗಿದರು. ಅವಳು ತಲೆ ಎತ್ತಿ ಸಾಲು ನಿಂತವರನ್ನು ನೋಡಿದಳು, ನನ್ನನ್ನು ನೋಡಿದಳು, ನಕ್ಕು ಇನ್ನೂ ಜೋರಾಗಿ ಬಾರಿಸಿದಳು. ನಮ್ಮ ನಡುವೆ ಯಾರೂ ಇರಲಿಲ್ಲ. ಬಿಸಿಲೆಲ್ಲ ಅವಳ ಮುಖದ ಮೇಲೆ. ಕ್ಯಾಮೆರಾ ಗುಂಡಿಯಿಂದ ಬೆರಳು ಎತ್ತದೆ ಫೋಟೋ ತೆಗೆದೆ.

ಆಮೇಲೆ ಚಹಾ ಕುಡಿಯುವಾಗ ಹಾಡುವ ಹುಡುಗ, "ಏನ್ ಮಾಡ್ಲಿರೀ ದಾದಾ, ನೀವು ಕೈ ಎತ್ತಿದ್ರ ಕಾಲು ತಾವೇ ನಿಂತವು. ನಮ್ಮಕ್ಕನ ಲಗ್ನದಾಗ ಮೂವರನ್ನೂ ಫೋಟೋಕ್ಕಂತ ಎರಡು ತಾಸು ನಿಂದ್ರಸೀರಲ್ಲ," ಎಂದ.

ಮರುದಿನ ಬೆಳಿಗ್ಗೆ ಮಾದೇವಿ ಬಸ್ ಸ್ಟ್ಯಾಂಡಿಗೆ ಕಳಿಸಲು ಬಂದಳು.

"ಹೋದ ವರ್ಷ ಬೆಳಕು ಬೇಕಾದಷ್ಟು ಇತ್ತು, ಮಾದೇವಿ. ನಾನೇ ನಿನ್ನ ಕತ್ತರಸೀನಿ," ಎಂದೆ.

"ಗೊತ್ತದ. ಫೋಟೋದ ಅಂಚಿನ್ಯಾಗ ನನ್ನ ಕೋಲಿನ ತುದಿ ಉಳದಿತ್ತು."

"ಮತ್ತ ಯಾಕ ಕೇಳಲಿಲ್ಲ?"

"ನೀನೇ ಹೇಳ್ತಿ ಅಂತ ಕಾದೀನಿ. ಒಂದು ವರ್ಷ ತಗೊಂಡಿ ನೋಡು."

ಬಸ್ಸು ತಿರುಗುವಾಗ ಹಿಂದೆ ನೋಡಿದೆ. ಅವಳು ಬಾಕಿನ ಪಕ್ಕ, ಅದರ ಒರಗಿನ ಮೇಲೆ ಎರಡು ಬೆರಳಿಂದ ತಾಳ ಹಾಕುತ್ತ ನಿಂತಿದ್ದಳು.

ಯೆಣೆಗೂರಿನಲ್ಲಿ ನನ್ನ ಅಂಗಡಿಯ ಗಾಜಿನ ಹಿಂದೆ ಮದುಮಕ್ಕಳ ಚಿತ್ರಗಳಿವೆ. ಅವುಗಳ ನಡುವೆ ಅವಳದನ್ನು ದೊಡ್ಡದಾಗಿ ಹಚ್ಚಿದೆ. ಮೊದಲು ಬಂದು ನಿಂತವನು ಮಾಮನೇ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಇದ್ಯಾರ ಹುಡುಗಿನೋ?" ಎಂದ.

"ನಮ್ಮಾಕಿನೇ, ಮಾಮಾ," ಎಂದೆ.