ಕೈಗೆಟುಕದ ಪಾದ

ಚಿತ್ರದುರ್ಗದ ರಾಜ್ಯಲಕ್ಷ್ಮಿ ಮದುವೆಯಾಗಿ ಬಂದದ್ದು ಭೀಮುನಿಪಟ್ಟಣಕ್ಕೆ. ಗಂಡ ಸೂರ್ಯಪ್ರಕಾಶರಾವ್ ತೆಲುಗರು, ವಿಶಾಖಪಟ್ಟಣದ ಬಂದರಿನಲ್ಲಿ ಗುಮಾಸ್ತರು. ಮಗ ಹುಟ್ಟಿದ ಕೆಲವು ವರ್ಷಕ್ಕೆ ಆಕೆಯ ಎಡಗಾಲು ಊದಿಕೊಂಡಿತು. ಆ ಕಡೆ ಹಲವರಿಗಿದ್ದ ಆನೆಕಾಲು, ಮತ್ತೆ ಇಳಿಯಲಿಲ್ಲ. ಸೀರೆಯನ್ನು ನೆಲ ಗುಡಿಸುವಂತೆ ಉಟ್ಟು, ಮದುವೆಮನೆಗಳಲ್ಲಿ ಮೂಲೆ ಹಿಡಿದು ಕೂರುವುದು ಅವಳಿಗೆ ರೂಢಿಯಾಯಿತು.

ದಿನಾ ಸಂಜೆ ರಾಯರೇ ಆ ಕಾಲನ್ನು ಸೋಪು ಹಚ್ಚಿ ತೊಳೆದು, ಬೆರಳ ಸಂದುಗಳನ್ನು ಒಣಗುವಂತೆ ಒರೆಸಿ, ಪಟ್ಟಿ ಸುತ್ತುತ್ತಿದ್ದರು.

"ಹೆಂಡ್ತಿ ಕಾಲು ಹಿಡೀತೀರಲ್ಲ, ಯಾರಾದ್ರೂ ನೋಡಿದ್ರೆ ಏನಂದಾರು?" ಎಂದು ಅವಳು ಬಾಗಿಲು ಹಾಕಿಸುತ್ತಿದ್ದಳು.

1992ರಲ್ಲಿ ರಾಯರು ಹೃದಯಾಘಾತದಿಂದ ತೀರಿಕೊಂಡರು. ಮಗ ದಿನಕರ ತಾಯಿಯನ್ನು ವಿಜಯವಾಡದ ತನ್ನ ಮನೆಗೆ ಕರೆದೊಯ್ದ. ಅತ್ತೆ ಬಂದ ದಿನವೇ ಸೊಸೆ ಹೈಮಾವತಿ ಬಿಸಿನೀರು ತಂದಿಟ್ಟು, "ಅತ್ತಯ್ಯಾ, ಕಾಲು ಇಲಾ ಇವ್ವಂಡಿ" ಎಂದು, ಕಾಲು ಇತ್ತ ಕೊಡಿ ಎನ್ನುವಂತೆ ಕೈ ಚಾಚಿದಳು.

"ಬೇಡಮ್ಮಾ, ನಾನೇ ತೊಳ್ಕೋತೀನಿ."

ಅದು ಸುಳ್ಳು. ಬಗ್ಗಿದರೆ ಅವಳ ಕೈ ಮೊಣಕಾಲಿನಿಂದ ಕೆಳಗೆ ಹೋಗುತ್ತಿರಲಿಲ್ಲ. ಬಚ್ಚಲಲ್ಲಿ ಒಂದು ಚೊಂಬು ನೀರು ಸುರಿದುಕೊಂಡು ಬರುತ್ತಿದ್ದಳು, ಅಷ್ಟೇ. ಒದ್ದೆ ಆರದ ಬೆರಳ ಸಂದು ಬಿಳಚಿಕೊಂಡು ಬಿರಿಯಿತು.

ಒಂದು ಮಧ್ಯಾಹ್ನ, ವಿಜಯವಾಡದ ಆ ಸುಡುಬಿಸಿಲಿನಲ್ಲಿ, ಅವಳಿಗೆ ಹಲ್ಲು ಕಟಕಟಿಸುವ ಚಳಿ ಹಿಡಿಯಿತು. ಬರೀ ಜ್ವರ ಎಂದು ಕಂಬಳಿ ಹೊದ್ದು ಮಲಗಿದಳು. ಮಾರನೆಯ ದಿನ ವಾಸನೆ ಬಂದು ಹೈಮಾವತಿ ಕಂಬಳಿ ಎತ್ತಿದಾಗ ಕಾಲು ಮೊಣಕಾಲಿನವರೆಗೆ ಕೆಂಪಗೆ ಕಾದು ಬೊಬ್ಬೆ ಎದ್ದಿತ್ತು.

ಬಿರುಕಿನಿಂದ ಒಳಹೊಕ್ಕ ಸೋಂಕು ಚರ್ಮದಡಿ ಹರಡಿದೆ, ಇಂಥ ಕಾಲಿಗೆ ಅದು ಮತ್ತೆ ಮತ್ತೆ ಬರುತ್ತದೆ ಎಂದರು ಆಸ್ಪತ್ರೆಯ ಡಾಕ್ಟರು.

"ಯಾಕಮ್ಮಾ ಹೇಳಲಿಲ್ಲ? ನಾವು ಲೇಮಾ, ನಾವಿಲ್ವಾ?" ಎಂದ ದಿನಕರ.

"ನಿಮ್ಮಪ್ಪನ್ನ ಬಿಟ್ಟು ಇನ್ಯಾರಿಗೆ ತೋರಿಸ್ಲಪ್ಪಾ ಅದನ್ನ?"

ಇಂಜೆಕ್ಷನ್ನುಗಳಿಂದ ಜ್ವರ ಇಳಿದು ಮನೆಗೆ ಬಂದಳು. ಈಗ ಸೊಸೆ ಕಾಲು ತೊಳೆಯುತ್ತಿದ್ದಳು. ಅತ್ತೆ ಗೋಡೆಯತ್ತ ಮುಖ ತಿರುಗಿಸಿ ಮಲಗುತ್ತಿದ್ದಳು. ಆದರೂ ಜ್ವರ ಮರುಕಳಿಸಿತು. ಪ್ರತಿ ಸಲವೂ ಕಾಲು ಇನ್ನಷ್ಟು ಭಾರವಾಗಿ, ಚರ್ಮ ಮರದ ತೊಗಟೆಯಂತಾಯಿತು. ಕೊನೆಗೆ ಹಾಸಿಗೆಯೇ ಗತಿಯಾಯಿತು.

ಮುಂದಿನ ಬೇಸಿಗೆಯಲ್ಲಿ ಸೋಂಕು ರಕ್ತಕ್ಕೇರಿತು. ಆಸ್ಪತ್ರೆಯಲ್ಲಿ ಜ್ವರದ ಮಂಪರಿನಲ್ಲಿ ರಾಜ್ಯಲಕ್ಷ್ಮಿ ತೆಲುಗು ಪೂರ್ತಿ ಮರೆತಳು. ತವರಿನ ಕನ್ನಡದಲ್ಲಿ ಏನೇನೋ ಕೇಳುತ್ತಿದ್ದಳು. ನರ್ಸುಗಳು ದಿನಕರನ ಮುಖ ನೋಡಿದರು. ತೆಲುಗಿನಲ್ಲೇ ಬೆಳೆದ ಅವನಿಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ತಿಳಿದವನಂತೆ "ಸರಿ ಅಮ್ಮಾ, ಸರಿ" ಎನ್ನುತ್ತಿದ್ದ. ಬೆಳಗಾಗುವಷ್ಟರಲ್ಲಿ ಅವಳು ಕೇಳುವುದನ್ನು ನಿಲ್ಲಿಸಿದ್ದಳು, ಉಸಿರಾಡುವುದನ್ನೂ.