ಗೊಬ್ಬರದಂಗಡಿಯಲ್ಲಿ ನೊಣದ ಗುರುತು

ತಾಳ್ಯದ ಗೆಳೆಯ ರುದ್ರಣ್ಣನ ಅವರೆ ಹೊಲದಲ್ಲಿ ಹಳದಿ ಪಟ್ಟೆಯ ನೊಣಗಳು ಹೂವಿನ ಮುಂದೆ ನಿಂತಲ್ಲೇ ಹಾರುತ್ತಿದ್ದವು. "ಇವು ಹೂನೊಣ ಕಣೋ, ಇವುಗಳ ಮರಿ ಗಿಡದ ಹೇನು ತಿಂತವೆ. ಔಷಧಿ ಹೊಡೆದು ಸಾಯಿಸಬ್ಯಾಡ" ಎಂದೆ.

"ನೀನು ಬ್ಯಾಡ ಅಂದ್ಮೇಲೆ ಹೊಡೀಲೇಬೇಕು ಬಿಡಲೇ" ಎಂದ. ನನ್ನ ಬಾಯಲ್ಲಿ ನಿಜ ಬಂದರೆ ಇದೇ ಗತಿ.

ನಮ್ಮ ಕಡೆ ಹುಳಕ್ಕೆ ಹೆಸರಿಡುವ ಅಧಿಕಾರ ಗೊಬ್ಬರದಂಗಡಿಯವರದು. ಒಂದು ನೊಣವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೊಳಲ್ಕೆರೆಯ ಗೊಬ್ಬರದಂಗಡಿಗೆ ಹೋದೆವು. ಮಾಲೀಕರು ಕವರಿನತ್ತ ಅರ್ಧ ಕಣ್ಣು ಹಾಯಿಸಿ, "ಭಾರಿ ಡೇಂಜರ್ ಐತೆ, ನಾಳೆನೇ ಹೊಡೀರಿ" ಎಂದು ಬಾಟಲಿ ಇಟ್ಟರು. ವಿಜ್ಞಾನಿಗಳು ಸೂಕ್ಷ್ಮದರ್ಶಕ ಹಿಡಿದು ಯಾಕೆ ಒದ್ದಾಡುತ್ತಾರೋ.

ಅವರು ಚೀಲ ತರಲು ಒಳಗೆ ಹೋದಾಗ, ಅವರದೇ ಚಹಾ ಲೋಟದ ಮೇಲೆ ಕೂತಿದ್ದ ಮನೆನೊಣವನ್ನು ಇನ್ನೊಂದು ಕವರಿಗೆ ಹಾಕಿಕೊಂಡೆ. ಬಂದ ಕೂಡಲೇ ಕೊಟ್ಟು, "ಸಾವ್ಕಾರ್ರೆ, ಪಕ್ಕದ ಹೊಲದಾಗೆ ಇದೂ ಐತೆ" ಎಂದೆ.

ಈ ಸಲ ಅವರು ಬೆಳಕಿಗೆ ಹಿಡಿದು ನೋಡಿದರು. "ಇದು ಅದಕ್ಕಿಂತ ಕೆಟ್ಟದ್ದು. ಅದೇ ಔಷಧಿ, ಎರಡು ಮುಚ್ಚಳ ಜಾಸ್ತಿ ಹಾಕ್ರಿ."

ಎಲ್ಲ ನೋಡುತ್ತಿದ್ದ ರುದ್ರಣ್ಣ ಬಾಟಲಿಯನ್ನು ಮೆಲ್ಲಗೆ ಅವರ ಕಡೆ ತಳ್ಳಿದ. "ಮೊದ್ಲು ನೀವೇ ಹೊಡ್ಕಳ್ರಿ, ಅಂಗಡಿ ತುಂಬ ಅವೆ."

ಹೂನೊಣಗಳು ಬದುಕಿದವು, ಅವರೆಯೂ ಚೆನ್ನಾಗಿ ಬಂತು. ಈಗ ಹುಳ ಸಿಕ್ಕರೆ ರುದ್ರಣ್ಣ ಬೇರೆ ಅಂಗಡಿಗೆ ಹೋಗುತ್ತಾನೆಯೇ ಹೊರತು, ನನ್ನನ್ನಂತೂ ಕೇಳುವುದಿಲ್ಲ.